ತುಳಿಯುವ ಅತ್ತೆ

ಇಲ್ಲಿ ಬರೆಯುವುದರಲ್ಲಿ ಒಂದಷ್ಟು ತಪ್ಪಿರಬಹುದು. ಅಮ್ಮ ಅಂದು ಚಾಪೆಯ ಮೇಲೆ ಮಲಗಿದ್ದಳೋ ಬರಿ ನೆಲದ ಮೇಲೋ, ನನಗೆ ಎಂಟು ವರ್ಷವೋ ಹತ್ತೋ, ಆಣೆ ಮಾಡಿ ಹೇಳಲಾರೆ. ಅವಳ ಸೊಂಟದ ಮೇಲೆ ಅತ್ತೆಯ, ಅಂದರೆ ಅಪ್ಪನ ತಂಗಿಯ, ಪಾದ ಇದ್ದದ್ದು ಮಾತ್ರ ಖಚಿತ.

ಅತ್ತೆ ಹುಟ್ಟುವಾಗ ಕಾಲು ಮುಂದಾಗಿ ಬಂದವರಂತೆ. ಅಂಥವರು ತುಳಿದರೆ ಬೆನ್ನಿನ ಉಳುಕು ಹೋಗುತ್ತದೆಂದು ಜೋಗುಪಾಳ್ಯದ ಅರ್ಧ ಜನ ಅವರ ವರಾಂಡದಲ್ಲಿ ಬೋರಲು ಮಲಗಿ ಎದ್ದಿದ್ದಾರೆ. ಭೂಮಿಗೆ ತಿರುಗಾಮುರುಗಾ ಬಂದದ್ದೇ ವೈದ್ಯಕೀಯ ಪದವಿಯಾಗುವುದಾದರೆ ನಾನು ಎಂ.ಎ. ಓದಿದ್ದೇ ದಂಡ ಎಂದು ಕಾಲೇಜಿನ ದಿನಗಳಿಂದಲೂ ನಕ್ಕವಳು ನಾನು.

ಈಗ ನನ್ನದೇ ಸೊಂಟ ಹಿಡಿದಿದೆ. ಇಂದಿರಾನಗರದ ಬೆನ್ನಿನ ಕ್ಲಿನಿಕ್ಕಿಗೆ ಹೋದೆ. ಗಾಜಿನ ಬಾಗಿಲು, ನಿಂಬೆಹುಲ್ಲಿನ ಚಹ, ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ ಬೆನ್ನುಮೂಳೆ. ತರುಣ ಡಾಕ್ಟರು ಅದನ್ನು ಮಲ್ಲಿಗೆ ದಂಡೆಯಂತೆ ಬಾಗಿಸಿ, ಮೂಳೆಗಳ ನಡುವಿನ ಮೆತ್ತೆಯೊಂದು ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದರು. "ಮೇಡಂ, ನೀವು ಕೂತ್ಕೊಳ್ಳೋದೇ ರಾಂಗು." ನಲವತ್ತೆಂಟು ವರ್ಷ ಕೂತವಳಿಗೆ ಕೂರುವುದನ್ನು ಕಲಿಸಲು ಹನ್ನೆರಡು ತರಗತಿ! ಮೊದಲನೆಯದರಲ್ಲಿ ಬೆಕ್ಕಿನಂತೆ ಬೆನ್ನು ಏರಿಸಿದೆ, ಹಸುವಿನಂತೆ ಇಳಿಸಿದೆ. ಮನುಷ್ಯರಂತೆ ಬಗ್ಗಿ ಏಳುವುದು ಎಂಟನೆಯ ತರಗತಿಯಲ್ಲಂತೆ.

ಅಷ್ಟು ತಾಳ್ಮೆಯಿಲ್ಲದೆ, ಯಾರಿಗೂ ಹೇಳದೆ, ಅತ್ತೆಯ ವರಾಂಡಕ್ಕೆ ಹೋಗಿ ಬೋರಲು ಮಲಗಿದೆ. ಎಂ.ಎ. ಕೂಡ ನನ್ನ ಜೊತೆಯೇ ಮಲಗಿತು.

"ಬಂದ್ಯಾ ತಾಯಿ? ನಗ್ತಿದ್ದೆ ಅಲ್ವಾ?" ಎಪ್ಪತ್ತು ದಾಟಿದ ಅತ್ತೆ ಗೋಡೆ ಹಿಡಿದು ಕಾಲೆತ್ತಿದರು. "ಕಾಲು ಜೋಮು ಹಿಡಿಯುತ್ತಾ?"

"ಎಡಗಾಲು. ಹಿಮ್ಮಡಿ ತನಕ."

ಎತ್ತಿದ ಕಾಲು ಕೆಳಗಿಳಿಯಿತು. "ಏಳು, ಏಳು. ಜೋಮಿದ್ರೆ ನಾನು ತುಳಿಯಲ್ಲ. ಡಾಕ್ಟ್ರ ಹತ್ರಾನೇ ಹೋಗು."

"ಯಾವಾಗಿಂದ ಈ ರೂಲ್ಸು?"

"ತುಂಬಾ ವರ್ಷ ಆಯ್ತು."

ಮಗ್ಗುಲಾಗಿ ಎದ್ದು ಕೂತೆ, ಕ್ಲಿನಿಕ್ಕಿನವರು ಮೊದಲ ತರಗತಿಯಲ್ಲಿ ಕಲಿಸಿದಂತೆಯೇ. ಅಮ್ಮ ಕೊನೆಯವರೆಗೂ ಒಂದು ಕಾಲು ಎಳೆದು ನಡೆಯುತ್ತಿದ್ದಳು. ಮೊದಲಿನಿಂದಲೂ ಹಾಗೆಯೋ, ಆ ತುಳಿತದ ನಂತರವೋ? ನನ್ನ ನೆನಪನ್ನು ನಾನು ನಂಬುವುದಿಲ್ಲ. ಗೊತ್ತಿರುವವರು ಒಬ್ಬರೇ ಉಳಿದಿದ್ದಾರೆ.

"ಅತ್ತೆ, ಅಮ್ಮನ್ನ ತುಳಿಯೋಕ್ ಮುಂಚೆ ಹೀಗೆ ಕೇಳಿದ್ರಾ?"

ಇದು ಹೋದ ಭಾನುವಾರದ ಮಾತು. ಆಮೇಲೆ ಅತ್ತೆ ಮೂರು ಸಲ ಫೋನ್ ಮಾಡಿದ್ದಾರೆ. ಮೂರು ಸಲವೂ, ಡಾಕ್ಟರ ಹತ್ತಿರ ಹೋದೆಯಾ ಎಂದಷ್ಟೇ ಕೇಳಿ ಇಟ್ಟರು.