ಎರಡು ಮುದ್ದೆಯ ಸಿನಿಮಾ

“ಮದ್ವೆ ವಿಡಿಯೊ ತೆಗ್ಯೋನು ಸಿನ್ಮಾ ಮಾಡ್ತಾನಂತೆ. ಆಗದ್ ಮಾತು ಬುಡು” ಎಂದು ನಕ್ಕವನು ಹುಣಸೂರಿನ ಸ್ಟುಡಿಯೊ ಮಾಲೀಕ. ಅವನ ಬಳಿ ಕೆಲಸಕ್ಕಿದ್ದ ನನ್ನ ಗೆಳೆಯ, ಆ ವಿಡಿಯೊದವನು, ಮಾಡಿಯೇ ಮುಗಿಸಿದ.

ಜೊತೆಗಿದ್ದ ಹುಡುಗಿ ಬಿಟ್ಟುಹೋದ ಮೇಲೆ ಅವನಿಗೆ ಮಾತು ಬೇಡವಾಗಿತ್ತು. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದು ಹೇಳುವ “ಒಂಚೂರು ಅಂಗೇ ಇರಿ” ಎಂಬುದೊಂದೇ ಉಳಿದಿತ್ತು. ಸಿನಿಮಾದಲ್ಲೂ ಅವನೊಬ್ಬನೇ. ಒಬ್ಬನಿಗೆ ಎಷ್ಟು ಹಿಟ್ಟು ಹಾಕಬೇಕೆಂದು ತಿಳಿಯದೆ ದಿನಾ ಎರಡು ಮುದ್ದೆ ಕಟ್ಟುತ್ತಾನೆ. ಒಂದನ್ನು ಉಂಡು, ಇನ್ನೊಂದು ಆರುವವರೆಗೂ ಅದರೆದುರು ಕೂರುತ್ತಾನೆ.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹಾಗಾಗಿ ಕಿರುಚಿತ್ರ ಸ್ಪರ್ಧೆಯ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಕೆ.ಆರ್. ನಗರದ ಕಾಲೇಜಿನಲ್ಲಿ ಸಿನಿಮಾ ತೋರಿಸುವ ದಿನ ಅವನು ಆ ಹುಡುಗಿಗೂ ಬರುವಂತೆ ಮೆಸೇಜು ಹಾಕಿದ್ದ. ಪರದೆಯ ಕಡೆ ತಿರುಗದೆ ಬಾಗಿಲನ್ನೇ ನೋಡುತ್ತಿದ್ದ. ಸಿನಿಮಾದಲ್ಲಿ ಅವನು ಅಲ್ಲಾಡದೆ ಕೂತು ಮುದ್ದೆ ಆರುವ ಹೊತ್ತಿಗೆ ಹಿಂದಿನಿಂದ ಯಾರೋ, “ಲೇ, ಪಿಚ್ಚರ್ ನಿಂತೋಯ್ತು ಕಣ್ಲಾ” ಎಂದ. ಎಲ್ಲರೂ ನಕ್ಕರು. ಅವಳು ಬರಲಿಲ್ಲ.

ಕೊನೆಗೆ ಪ್ರಿನ್ಸಿಪಾಲರು ಭಾಗವಹಿಸಿದ್ದಕ್ಕೊಂದು ಸರ್ಟಿಫಿಕೇಟ್ ಅವನ ಕೈಗಿತ್ತರು. ಅದರ ಫೋಟೊ ತೆಗೆದು ಅವಳಿಗೆ ಕಳಿಸಹೊರಟವನ ಫೋನಿನ ಮೇಲೆ, ಸಿನಿಮಾ ನೋಡಲು ಬಂದಿದ್ದ ಅವನ ಅಕ್ಕ ಕೈಯಿಟ್ಟಳು.

“ಯಾರ್ಗೆ ಕಳಿಸ್ತೀಯಪ್ಪ? ಅವ್ಳು ಆ ನಂಬರ್ ಬುಟ್ಟು ವರ್ಸ ಆಯ್ತು ಕಣ.”