ಲಗ್ರಾಂಜ್ ಬೀದಿಯ ವಾಂಡಾ, ಎರಡನೇ ಲೈನ್

ವಾಂಡಾ ಗ್ರಾಬೊವ್ಸ್ಕಿಯವರ ದನಿಯನ್ನು ನಾನು ಹದಿನಾಲ್ಕು ವರ್ಷ ಕೇಳಿದ್ದೇನೆ. ಮುಖ ನೋಡಿದ್ದು ಒಂದೇ ಒಂದು ಮಂಗಳವಾರ. ಆ ಮಂಗಳವಾರದ ಕಥೆ ಈಗ ಟೊಲೆಡೊ ಊರಿನಲ್ಲಿ ಹತ್ತು ಬಗೆಯಾಗಿ ಓಡಾಡುತ್ತಿದೆ, ಹತ್ತರಲ್ಲೂ ನಾನು ಒಳ್ಳೆಯವಳಾಗಿಬಿಟ್ಟಿದ್ದೇನೆ. ಅದು ಸುಳ್ಳು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಡೀನಾ. ರೇಡಿಯೊ ಸ್ಟೇಷನ್ನಿನಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಬ್ರೆಂಟ್ ವೊಲ್ಕಾಟ್ ಎಂಬಾತ ಮೈಕಿನ ಮುಂದೆ ಕೂತು ಫುಟ್‌ಬಾಲ್ ಬಗ್ಗೆ ಬಾಯಿಗೆ ಬಂದದ್ದು ಹೇಳುತ್ತಾನೆ. ಕಾಲಿಗಿಂತ ಕೈಗೇ ಕೆಲಸ ಹೆಚ್ಚಿರುವ ನಮ್ಮ ಅಮೆರಿಕದ ಫುಟ್‌ಬಾಲ್. ಊರಿನವರು ಫೋನ್ ಮಾಡಿ ಅವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಕುಡಿದವರನ್ನೂ ಹೊಲಸು ಬಾಯಿಯವರನ್ನೂ ಸೋಸಿ, ಉಳಿದವರ ಹೆಸರು, ಬೀದಿ, ವಾದ ಇಷ್ಟನ್ನು ನಾನು ಬ್ರೆಂಟನ ಮುಂದಿನ ಪರದೆಗೆ ಟೈಪ್ ಮಾಡಿ ಕಳಿಸುತ್ತೇನೆ. ನಾನು ಒಳಗೆ ಬಿಟ್ಟವರು ಮಾತಾಡುತ್ತಾರೆ, ಬಿಡದವರು ಲೈನಿನಲ್ಲಿ ಕಾಯುತ್ತಾರೆ. ನೋಡಲು ಸಣ್ಣ ಕೆಲಸ, ಆದರೆ ಬಾಗಿಲ ಚಿಲಕ ನನ್ನ ಕೈಯಲ್ಲಿತ್ತು.

ವಾಂಡಾ ಮೊದಲ ಸಲ ಫೋನ್ ಮಾಡಿದ್ದು ಅವರನ್ನು ಕೆಲಸದಿಂದ ಮನೆಗೆ ಕಳಿಸಿದ ವಾರ. ಬಾಟಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವರು ಒಂದು ದೀಪದ ಹಲಗೆಯ ಮುಂದೆ ಕೂತಿದ್ದರು. ನಿಮಿಷಕ್ಕೆ ಇನ್ನೂರು ಬಾಟಲಿ ಕಣ್ಣೆದುರು ಸಾಗುತ್ತಿದ್ದವು. ಗುಳ್ಳೆ ಇದ್ದದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಕಂಡರೆ ಎತ್ತಿ ಬಿಸಾಡಬೇಕು. ಆಮೇಲೆ ಕ್ಯಾಮೆರಾ ಬಂತು. ನಿಮ್ಮ ಕಣ್ಣಿಗೆ ವಯಸ್ಸಾಯಿತು ಎಂದರು ಮೇಲಿನವರು. ಹಾಗಾದರೆ ನಿಮ್ಮ ಕ್ಯಾಮೆರಾಗೂ ನನಗೂ ಒಂದು ಪಂದ್ಯ ಆಗಲಿ ಎಂದರಂತೆ ವಾಂಡಾ. ಆಯಿತು. ಒಂದು ಗಂಟೆಯಲ್ಲಿ ಕ್ಯಾಮೆರಾ ಬಿಟ್ಟ ಎರಡು ಬಿರುಕನ್ನು ಇವರು ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕ್ ಕತ್ತರಿಸಿದರು, ಮನೆಗೆ ಕಳಿಸಿದರು.

ಅದೇ ವರ್ಷ ನಮ್ಮ ಗ್ಲೇಜಿಯರ್ಸ್ ತಂಡಕ್ಕೆ ಗ್ರಾಂಟ್ ಟೆಲ್ಫೋರ್ಡ್ ಬಂದ. ಇಪ್ಪತ್ತನಾಲ್ಕು ವರ್ಷದ ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ, ಮೈಮೇಲೆ ಬೀಳುವ ಎದುರಾಳಿಗಳ ನಡುವೆ, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವ ಕೆಲಸ ಅವನದು. ಈ ಊರಿಗೆ ಇದ್ದ ಒಂದೇ ಒಂದು ಕಪ್ ಅವನು ತಂದದ್ದು. ವಾಂಡಾ ಅವನ ಪರ ವಹಿಸಿದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ. ಅವರಿಗೆ ಅವನ ಆಟ ಇಷ್ಟ, ಅಷ್ಟೇ. ಹಾಗೆಂದು ಅವನ ತಪ್ಪನ್ನು ಮುಚ್ಚಿದವರೂ ಅಲ್ಲ. ಗೆದ್ದ ಮರುದಿನವೇ ಫೋನ್ ಮಾಡಿ, ಆಟದ ಮೂರನೇ ಕಾಲುಭಾಗದಲ್ಲಿ ಅವನು ಎಸೆದದ್ದು ಎಡಗಡೆಯವನಿಗೆ ಹೋಗಬೇಕಿತ್ತು ಎಂದು ಬ್ರೆಂಟನಿಗೆ ಪಾಠ ಹೇಳುತ್ತಿದ್ದರು. ಬ್ರೆಂಟ್ ಅವರನ್ನು ‘ಅಜ್ಜಿ’ ಎಂದು ಕಾಡುತ್ತಿದ್ದ. ಜನಕ್ಕೆ ಅದು ಬೇಕಿತ್ತು.

ಟೆಲ್ಫೋರ್ಡನಿಗೆ ಮೂವತ್ತೆಂಟು ತುಂಬಿದ ವರ್ಷ ಎಲ್ಲ ಕೆಟ್ಟಿತು. ಹಾಲ್ವರ್ಸನ್ ಎಂಬ ಹೊಸ ಕೋಚ್ ಬಂದಿದ್ದ, ಏಳು ಪಂದ್ಯದಲ್ಲಿ ಐದು ಸೋತಿದ್ದೆವು. ಊರು ಎರಡು ಪಾಲಾಯಿತು. ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಭಾವ ಭಾವಮೈದುನರು ಬೇರೆ ಬೇರೆ ಮೇಜಿಗೆ ಹೋಗಿ ಕೂತರು. ಟೆಲ್ಫೋರ್ಡ್ ಈಗ ಚೆಂಡು ಎಸೆಯುವುದು ಪಾತ್ರೆ ತೊಳೆದ ನೀರು ಚೆಲ್ಲಿದ ಹಾಗಿದೆ ಎಂದನೊಬ್ಬ. ಅವನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದರೆ ನಾನು ಸ್ಟೇಡಿಯಮ್ಮಿಗೆ ಕಾಲಿಡುವುದಿಲ್ಲ ಎಂದಳೊಬ್ಬಳು. ಕೆಲವರು ಅಂಗಿಯ ಬೆನ್ನಿನ ಮೇಲಿದ್ದ ಅವನ ಹೆಸರಿಗೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಎರಡನೆಯ ಕ್ವಾರ್ಟರ್‌ಬ್ಯಾಕಿನ ಹೆಸರು ಗೀಚಿಕೊಂಡು ಬಂದರು. ಮೂರು ವರ್ಷದ ಹಿಂದೆ ಮಗುವಿಗೆ ಗ್ರಾಂಟ್ ಎಂದು ಹೆಸರಿಟ್ಟವರೂ ಅವರಲ್ಲಿ ಇದ್ದರು. ನಾಚಿಕೆ ಎಂಬುದು ಅಂಟುಪಟ್ಟಿಯಷ್ಟೂ ಗಟ್ಟಿ ಇಲ್ಲ ಈ ಜನಕ್ಕೆ.

ವಾಂಡಾ ಮಾತ್ರ ಒಂದೇ ಮಾತು ಹಿಡಿದಿದ್ದರು. ತೋಳು ಸೋತಿಲ್ಲ, ಸಮಯ ಸಿಗುತ್ತಿಲ್ಲ. ಹಳೆಯ ಕೋಚ್ ಟೆಲ್ಫೋರ್ಡನ ಪಕ್ಕದಲ್ಲಿ ಕಾವಲಿಗೆಂದು ಒಬ್ಬನನ್ನು ಹೆಚ್ಚಿಗೆ ನಿಲ್ಲಿಸುತ್ತಿದ್ದ. ಹಾಲ್ವರ್ಸನ್ ಅವನನ್ನೂ ಚೆಂಡು ಹಿಡಿಯಲೆಂದು ಮುಂದಕ್ಕೆ ಓಡಿಸಿದ್ದಾನೆ, ಅದಕ್ಕೇ ಎದುರಾಳಿಗಳು ಎರಡೇ ಸೆಕೆಂಡಿಗೆ ಬಂದು ಕೆಡವುತ್ತಿದ್ದಾರೆ. ಇದನ್ನು ಹೇಳಲು ಅವರು ದಿನಾ ಮೂರು ಗಂಟೆಗೆ ಸರಿಯಾಗಿ ಫೋನ್ ಮಾಡುತ್ತಿದ್ದರು.

ಆದರೆ ಅಷ್ಟರಲ್ಲಿ ನಮ್ಮಲ್ಲಿಗೆ ಪ್ರೆಂಟಿಸ್ ಬಂದಿದ್ದ. ಕಾರ್ಯಕ್ರಮಗಳ ಹೊಸ ಯಜಮಾನ. ಬಂದ ಎರಡನೇ ದಿನವೇ ನನ್ನನ್ನು ಕರೆದು, ಮುದಿ ದನಿಗಳು ಇನ್ನು ಮೇಲೆ ಬೇಡ ಎಂದ. ಮುದುಕರ ಮಾತು ಕೇಳಿದರೆ ಹರೆಯದವರು ಸ್ಟೇಷನ್ ಬದಲಿಸುತ್ತಾರಂತೆ, ಜಾಹೀರಾತಿನವರು ಮೂಗು ಮುರಿಯುತ್ತಾರಂತೆ. ಬೇಡ ಎಂದು ಹೇಳಬೇಡ, ಕಾಯಿಸು, ತಾವೇ ಸುಸ್ತಾಗಿ ಇಡುತ್ತಾರೆ ಎಂದ. ಈ ಕಸುಬಿನಲ್ಲಿ ಇದು ಹೊಸತೇನಲ್ಲ, ಎಲ್ಲ ಕಡೆ ನಡೆಯುತ್ತದೆ. ನನಗೆ ಮೈ ಉರಿಯಿತು. ಮೈ ಉರಿದರೂ ಹೇಳಿದ ಹಾಗೆ ಮಾಡಿದೆ. ಆರು ವಾರ ವಾಂಡಾ ಎರಡನೇ ಲೈನಿನಲ್ಲಿ ಕಾದರು. ಇವತ್ತು ಬಹಳ ಜನ ಇದ್ದಾರೆ ವಾಂಡಾ ಎನ್ನುತ್ತಿದ್ದೆ. ಇರಲಿ ಬಿಡು ಮಗಳೇ, ಒಲೆ ಮೇಲೆ ಎಲೆಕೋಸಿನ ಸುರುಳಿ ಇಟ್ಟಿದೀನಿ, ಅದು ಬೇಯ್ತಾ ಇರ್ಲಿ, ನಾನು ಕಾಯ್ತೀನಿ ಎನ್ನುತ್ತಿದ್ದರು. ಬ್ರೆಂಟ್ ಒಂದು ದಿನ, ನಮ್ಮ ಅಜ್ಜಿ ಎಲ್ಲಿ, ಅವಳೂ ಟೆಲ್ಫೋರ್ಡನ ಕೈಬಿಟ್ಟಳಾ ಎಂದು ಮೈಕಿನಲ್ಲಿ ನಕ್ಕ. ಅದನ್ನು ಅವರು ಲೈನಿನಲ್ಲಿ ಕಾಯುತ್ತಲೇ ಕೇಳಿಸಿಕೊಂಡರು.

ಎಂಟನೇ ಪಂದ್ಯವನ್ನೂ ಸೋತ ಮರುದಿನ, ಸೋಮವಾರ, ಎಂಟು ಲೈನುಗಳೂ ಹೊತ್ತಿ ಉರಿಯುತ್ತಿದ್ದವು. ಟೆಲ್ಫೋರ್ಡನನ್ನು ಕೂರಿಸಬೇಕೇ ಬೇಡವೇ ಎಂಬುದೇ ದಿನದ ಪ್ರಶ್ನೆ. ಕಾಯುವವರಿಗೆ ಫೋನಿನಲ್ಲಿ ಕಾರ್ಯಕ್ರಮವೇ ಕೇಳುತ್ತಿರುತ್ತದೆ. ಜಾಹೀರಾತು ಬಂದಾಗ ನಾನೊಂದು ಗುಂಡಿ ಒತ್ತಬೇಕು. ಮರೆತರೆ ಸ್ಟುಡಿಯೊದ ಒಳಮಾತೆಲ್ಲ ಕಾಯುವವರ ಕಿವಿಗೆ ಹೋಗುತ್ತದೆ. ಈ ಕೆಲಸದ ಹದಿನಾರು ವರ್ಷದಲ್ಲಿ ನಾನು ಮರೆತವಳಲ್ಲ, ಅವತ್ತು ಮರೆತೆ. ಪ್ರೆಂಟಿಸ್ ಬಾಗಿಲಲ್ಲಿ ನಿಂತು ನನ್ನ ಪರದೆ ನೋಡಿ, ಆ ಮುದುಕಿ ಇನ್ನೂ ಇದ್ದಾಳಾ, ಬಿಡು, ಬೇರು ಬಿಡೋತನಕ ಕೂತಿರಲಿ ಎಂದ. ಬ್ರೆಂಟ್ ನಕ್ಕ. ನಾನು ಪರದೆ ನೋಡುತ್ತ ಸುಮ್ಮನಿದ್ದೆ. ಆಮೇಲೆ ಗುಂಡಿಯ ಕಡೆ ಕಣ್ಣು ಹೋಯಿತು. ಅಷ್ಟರಲ್ಲಿ ಎರಡನೇ ಲೈನಿನ ದೀಪ ಆರಿತು. ಹದಿನಾಲ್ಕು ವರ್ಷದಲ್ಲಿ ವಾಂಡಾ ತಾವಾಗಿ ಫೋನ್ ಇಟ್ಟದ್ದು ಅದೇ ಮೊದಲು.

ಮಂಗಳವಾರ ಸಂಜೆ ಕೋಚನ ಕಾರ್ಯಕ್ರಮ. ವಾರಕ್ಕೊಮ್ಮೆ ನದಿ ಪಕ್ಕದ ಒಂದು ಹೋಟೆಲಿನಿಂದ ನೇರ ಪ್ರಸಾರ ಆಗುತ್ತದೆ. ಜನ ಕೋಳಿರೆಕ್ಕೆ ಕಡಿಯುತ್ತ, ಬಿಯರ್ ಕುಡಿಯುತ್ತ ಕೋಚನನ್ನೇ ಪ್ರಶ್ನೆ ಕೇಳಬಹುದು. ಕೇಳಬಹುದು ಎಂದರೆ, ಮೊದಲು ಚೀಟಿಯಲ್ಲಿ ಬರೆದು ನನಗೆ ಕೊಡಬೇಕು. ನಾನು ಆರಿಸಿದವರ ಬಾಯಿಗೆ ನಾನೇ ಮೈಕ್ ಹಿಡಿಯುತ್ತೇನೆ. ಅಭಿಮಾನಿಗಳ ಕೈಗೆ ಮೈಕ್ ಕೊಡಬಾರದು ಎಂಬುದು ನಮ್ಮ ಮೊದಲ ನಿಯಮ.

ಚೀಟಿ ಕೂಡಿಸುತ್ತಿದ್ದಾಗ ಉದ್ದನೆಯ, ಬಡಕಲು ಹೆಂಗಸೊಬ್ಬರು ಬಂದು ಎದುರಿಗೆ ನಿಂತರು. ಮೈಮೇಲೆ ಟೆಲ್ಫೋರ್ಡನ ಹೆಸರಿದ್ದ ಹಳೆಯ ಅಂಗಿ, ಒಗೆದು ಒಗೆದು ಬಣ್ಣ ಬಿಟ್ಟದ್ದು. ದನಿ ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು.

“ಡೀನಾ ನೀನೇನಾ? ದನಿ ಕೇಳಿ ಇನ್ನೂ ದಪ್ಪ ಇರ್ತೀಯ ಅಂದ್ಕೊಂಡಿದ್ದೆ,” ಎಂದರು ವಾಂಡಾ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ಅವ್ನು ಅಂದಿದ್ದು ಕೇಳಿಸ್ತು ಮಗಳೇ. ನೀನು ಒಂದು ಮಾತೂ ಆಡ್ಲಿಲ್ಲ, ಅದೂ ಕೇಳಿಸ್ತು. ಈಗ ಚೀಟಿ ತಗೋ.”

ಚೀಟಿಯಲ್ಲಿ ಪ್ರಶ್ನೆ ಇರಲಿಲ್ಲ. ವಾಂಡಾ, ಲಗ್ರಾಂಜ್ ಬೀದಿ ಎಂದಷ್ಟೇ ಇತ್ತು. ನಾನು ಅದನ್ನು ಕಟ್ಟಿನ ತಳಕ್ಕೆ ಹಾಕಿದೆ. ಹೌದು, ಆಗಲೂ ತಳಕ್ಕೇ ಹಾಕಿದೆ. ಮನೆ, ಮಗಳ ಶಾಲೆ, ಕೆಲಸ, ಎಲ್ಲ ಕಣ್ಣ ಮುಂದೆ ಬಂತು. ಐದು ಜನ ಹರೆಯದವರಿಗೆ ಮೈಕ್ ಹಿಡಿದೆ. ಐವರೂ ಕೋಚನನ್ನು ಸರ್ ಸರ್ ಎಂದರು. ಟೆಲ್ಫೋರ್ಡನನ್ನು ಯಾವಾಗ ಕೂರಿಸುತ್ತೀರಿ ಎಂಬುದನ್ನೇ ಐದು ಥರ ಕೇಳಿದರು. ಹಾಲ್ವರ್ಸನ್ ಮುಗುಳ್ನಗುತ್ತ, ವಯಸ್ಸು ಎಂಬುದು ಯಾರನ್ನೂ ಬಿಡುವುದಿಲ್ಲ, ನಾವೆಲ್ಲ ಗ್ರಾಂಟನ ಬಗ್ಗೆ ಕರುಣೆ ಇಟ್ಟುಕೊಳ್ಳೋಣ ಎಂದ. ಜನ ತಲೆ ಆಡಿಸಿದರು. ವಾಂಡಾ ಹಿಂದಿನ ಮೇಜಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟ ಅದಲ್ಲ, ಬಿರುಕು ಹುಡುಕುವ ನೋಟ. ಕರುಣೆ ಎಂಬ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಎದ್ದು ನೇರವಾಗಿ ಅವರ ಮೇಜಿಗೆ ಹೋದೆ. ಅವರು ಮೈಕಿನ ಮೇಲೆ ಕೈ ಇಟ್ಟರು, ನಾನು ಮೈಕ್ ಬಿಟ್ಟುಕೊಟ್ಟೆ.

ಕೋಚನ ಬೆನ್ನ ಹಿಂದಿನ ದೊಡ್ಡ ಟೀವಿಯಲ್ಲಿ ಭಾನುವಾರದ ಆಟದ ತುಣುಕುಗಳು ದನಿಯಿಲ್ಲದೆ ಓಡುತ್ತಿದ್ದವು. ವಾಂಡಾ ಅದರ ಕಡೆ ಬೆರಳು ತೋರಿಸಿದರು.

“ನಾನೇನೂ ಕೇಳಲ್ಲ ಕೋಚ್. ಎಣಿಸ್ತೀನಿ. ಎಲ್ಲಾರೂ ನನ್ ಜೊತೆ ಎಣಿಸಿ.”

ಬೀದಿಯಲ್ಲಿ ಆಡುವ ಮಕ್ಕಳು ಸೆಕೆಂಡು ಲೆಕ್ಕ ಹಾಕುವ ಹಾಗೆ ಅವರು ಎಣಿಸಿದರು: ಒಂದು ಮಿಸ್ಸಿಸಿಪ್ಪಿ, ಎರಡು ಮಿಸ್ಸಿಸಿಪ್ಪಿ. ಮೂರು ಎನ್ನುವಷ್ಟರಲ್ಲಿ ಟೆಲ್ಫೋರ್ಡ್ ನೆಲದಲ್ಲಿದ್ದ, ಮೇಲೆ ಇಬ್ಬರು. ಮುಂದಿನ ತುಣುಕಿಗೆ ನಾಲ್ಕಾರು ಮೇಜಿನವರು ದನಿಗೂಡಿಸಿದರು. ಮತ್ತೆ ಎರಡಕ್ಕೇ ಬಿದ್ದ. ನನ್ನ ಕಿವಿಯ ಯಂತ್ರದಲ್ಲಿ ಸ್ಟೇಷನ್ನಿನಿಂದ ಪ್ರೆಂಟಿಸ್, ಮೈಕ್ ಕಿತ್ತುಕೋ ಎನ್ನುತ್ತಿದ್ದ. ಮೂರನೆಯದಕ್ಕೆ ಇಡೀ ಹೋಟೆಲು ಎಣಿಸಿತು, ಅಂಗಿಗೆ ಅಂಟುಪಟ್ಟಿ ಹಚ್ಚಿದವರೂ ಎಣಿಸಿದರು. ಎರಡಕ್ಕೇ ಬಿದ್ದ. ನಾನು ಕಿವಿಯಿಂದ ಆ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡೆ.

ನಾಲ್ಕನೆಯ ತುಣುಕಿನಲ್ಲಿ ಎಣಿಕೆ ಮೂರು ದಾಟಿತು, ನಾಲ್ಕು ದಾಟಿತು. ಟೆಲ್ಫೋರ್ಡನ ಹತ್ತಿರ ಯಾರೂ ಇರಲಿಲ್ಲ. ಅವನು ನಿಧಾನವಾಗಿ ನೋಡಿ, ಎದುರಾಳಿಯ ಕೈಗೇ ಚೆಂಡು ಎಸೆದ. ಎಣಿಸುತ್ತಿದ್ದ ಬಾಯಿಗಳೆಲ್ಲ ಮುಚ್ಚಿದವು. ಹಾಲ್ವರ್ಸನ್ ನೋಡಿದಿರಾ ಎಂಬಂತೆ ಎರಡೂ ಕೈ ಅಗಲಿಸಿದ.

ವಾಂಡಾ ಕಣ್ಣು ಕದಲಿಸಲಿಲ್ಲ. “ಇದು ಅವನದು,” ಎಂದರು. “ಭಾನುವಾರ ಒಂಬತ್ತು ಸಲ ಆಟ ಕೆಟ್ಟಿತು. ಒಂಬತ್ತನ್ನೂ ಕೂತು ನೋಡಿದೀನಿ. ಎರಡು ಅವನದು, ಏಳು ನಿಮ್ಮದು. ಪಕ್ಕದ ಕಾವಲಿನವನನ್ನ ವಾಪಸ್ ನಿಲ್ಸಿ. ಆಮೇಲೂ ಎಸೆಯಕ್ಕಾಗ್ದಿದ್ರೆ, ನಾನೇ ಬಂದು ಅವ್ನಿಗೆ ಮನೆಗೆ ಹೋಗು ಅಂತೀನಿ. ಕರುಣೆ ನೀವೇ ಇಟ್ಕೊಳಿ.”

ಹಾಲ್ವರ್ಸನ್ ನಗಲು ನೋಡಿದ. ತಮಗೆ ಎಷ್ಟು ವರ್ಷ ಅಮ್ಮ ಎಂದು ಕೇಳಿದ.

“ಎಪ್ಪತ್ತೊಂದು. ಬಿದ್ರೂ ನಿಮ್ ಎಡಗಡೆ ತಡೆಯೋವ್ನಿಗಿಂತ ಬೇಗ ಏಳ್ತೀನಿ.”

ಹೋಟೆಲು ನಕ್ಕ ರಭಸಕ್ಕೆ ಪ್ರಸಾರದ ಯಂತ್ರದಲ್ಲಿ ದನಿ ಅಳೆಯುವ ಮುಳ್ಳು ಕೆಂಪಿಗೆ ಹೋಯಿತು. ವಾಂಡಾ ನಗಲಿಲ್ಲ. ಮೈಕನ್ನು ನನ್ನ ಕೈಗಿಟ್ಟು, ಕೋಟು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಬುಧವಾರ ಪ್ರೆಂಟಿಸ್ ನನ್ನನ್ನು ಕೂರಿಸಿ ಬೈದ. ಇನ್ನೊಮ್ಮೆ ಹೀಗಾದರೆ ನಿನ್ನ ಸಾಮಾನು ಕಟ್ಟಿಕೋ ಎಂದ. ಮೂರು ಗಂಟೆಗೆ ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತ. ಎರಡನೇ ಲೈನು ಹೊತ್ತಿತು. ನಾನು ಅವನ ಕಡೆ ತಿರುಗಿಯೂ ನೋಡದೆ ಟೈಪ್ ಮಾಡಿದೆ: ವಾಂಡಾ, ಲಗ್ರಾಂಜ್ ಬೀದಿ. ಮಾಡಿ ಎಲ್ಲರಿಗಿಂತ ಮೊದಲು ಒಳಗೆ ಬಿಟ್ಟೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಾಂಡಾ ನಮಸ್ಕಾರವನ್ನೂ ಹೇಳಲಿಲ್ಲ. “ಬೆಳಗ್ಗೆ ಇನ್ನೊಂದ್ಸಲ ಕೂತು ನೋಡಿದೆ. ನಿನ್ನೆ ತಪ್ಪು ಹೇಳ್ದೆ. ಕೋಚಂದು ಏಳಲ್ಲ, ಆರು. ಟೆಲ್ಫೋರ್ಡಂದು ಮೂರು.”

ಆರು ವಾರ ಕಾದು, ನನ್ನ ಕೆಲಸವನ್ನೂ ಪಣಕ್ಕೆ ಇಡಿಸಿ, ಸಿಕ್ಕಿದ ಮೊದಲ ಅವಕಾಶದಲ್ಲಿ ಈ ಹೆಂಗಸು ತಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದರು. ಬ್ರೆಂಟ್ ಕುರ್ಚಿಯಲ್ಲಿ ಹಿಗ್ಗಿ ಕೂತ.

“ಹಾಗಾದ್ರೆ ಅಜ್ಜಿಯೇ ಒಪ್ಕೊಂಡ್ರು. ಅವನನ್ನ ಕೂರಿಸೋಣ ಅಲ್ವಾ?”

“ಮೂರು ಕೆಡಿಸಿದವನನ್ನ ಕೂರಿಸೋದಾದ್ರೆ, ಆರು ಕೆಡಿಸಿದವನನ್ನ ಏನ್ ಮಾಡೋಣ, ನೀನೇ ಹೇಳು,” ಎಂದರು ವಾಂಡಾ. “ಆತುರ ಇಲ್ಲ, ಯೋಚ್ನೆ ಮಾಡಿ ಹೇಳು. ಈ ಲೈನಲ್ಲಿ ಕಾಯೋದು ನಂಗೆ ಚೆನ್ನಾಗಿ ಅಭ್ಯಾಸ ಆಗಿದೆ.”