ಗೋಡೆ ಬದಿಯ ತಂಪು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ದುಃಖದಲ್ಲಿ ಮನಸ್ಸು ತನಗೆ ಬೇಕಾದದ್ದನ್ನೇ ನೆನಪು ಮಾಡಿಕೊಳ್ಳುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತಿದ್ದೆ. ಈಗ ಅದೇ ಮಾತನ್ನು ನನಗೇ ಹೇಳಿಕೊಂಡು ನೋಡಿದ್ದೇನೆ. ಪೂರ್ತಿ ಸಮಾಧಾನವಾಗಿಲ್ಲ.

ನಮ್ಮೂರು ನವಲಗುಂದ ಕಡೆಯ ಎರೆಭೂಮಿ. ಬೇಸಿಗೆಯಲ್ಲಿ ಚರ್ಚಿನ ಸ್ಮಶಾನದ ತುಂಬ ಕೈ ಇಳಿಯುವಂಥ ಬಿರುಕುಗಳು. ಈಸ್ಟರ್‌ಗೆ ಮುಂಚೆ ಪ್ರತಿ ಮನೆಯವರೂ ತಮ್ಮವರ ಸಮಾಧಿಯ ಬಿರುಕಿಗೆ ಕೆಂಪು ಗರಸು, ಅಂದರೆ ಹರಳು ಬೆರೆತ ಮಣ್ಣು, ತುಂಬಬೇಕು. ಇನ್ನೊಬ್ಬರ ಸಮಾಧಿ ಮುಟ್ಟಬಾರದು. ಹಳೆಯದರ ಪಕ್ಕ ಹೊಸ ಕುಣಿ ತೋಡಬೇಕಾದರೆ ಮನೆಯವರೇ ಬಂದು ಜಾಗ ತೋರಿಸಬೇಕು. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳನ್ನು ಹಿಂದೆಲ್ಲ ಗೋಡೆ ಬದಿಗೆ ಮಣ್ಣು ಮಾಡುತ್ತಿದ್ದರು. ಅವಕ್ಕೆ ಶಿಲುಬೆ ಇಲ್ಲ, ಹೆಸರಿಲ್ಲ.

ನನಗಿಂತ ಮೊದಲು ಹುಟ್ಟಿದ ಅಕ್ಕ ಆ ಸಾಲಿನಲ್ಲಿದ್ದಾಳೆ. ಅವ್ವ ವರ್ಷವೂ ಬುಟ್ಟಿಯಲ್ಲಿ ಗರಸು ಒಯ್ದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲ ಒತ್ತುತ್ತ ಹೋಗಿ ಒಂದು ಕಡೆ ನಿಲ್ಲುತ್ತಿದ್ದಳು.

“ಇಲ್ಲೇ ನೋಡು, ತಂಪೈತಿ.”

ನಾನೂ ಕಾಲಿಡುತ್ತಿದ್ದೆ. “ಸುಡತೈತಲ್ಲ ಬೇ ಯವ್ವಾ!”

“ನೀ ಏನ್ ಆಕೀನ್ನ ಹಡದೀಯೇನ?” ಎಂದು ನಗುತ್ತಿದ್ದಳು.

ಆಮೇಲೆ ಅವ್ವ ಹಾಸಿಗೆ ಹಿಡಿದಳು. ಅಷ್ಟರಲ್ಲಿ ಸ್ಮಶಾನಕ್ಕೆ ಜಾಗ ಸಾಲದೆ ಹಳೆಯ ಗೋಡೆ ಕೆಡವಿ ಆಚೆ ಕಟ್ಟಿದರು. ಗೇಟೂ ಬೇರೆ ದಿಕ್ಕಿಗೆ ಹೋಯಿತು. ಅವಳು ಕೇಳಿಕೊಂಡದ್ದು ಒಂದೇ: “ನನ್ನ ಆಕಿ ಬಾಜೂಕ ಇಡ್ರಿ.”

ಅವ್ವ ತೀರಿದ್ದು ಏಪ್ರಿಲ್ ಬಿಸಿಲಿನಲ್ಲಿ. ಅವಳನ್ನು ಚರ್ಚಿಗೆ ತರುವ ಮೊದಲು ಜಾಗ ತೋರಿಸಲು ಮಧ್ಯಾಹ್ನ ನಾನೊಬ್ಬಳೇ ಹೋದೆ. ಕುಣಿ ತೋಡುವ ದಾನಿಯಲ್ ಕಾಕಾ ಗುದ್ದಲಿ ಹಿಡಿದು ಕಾಯುತ್ತಿದ್ದರು. ಹಳೆಯ ಗೋಡೆಯ ಗುರುತೇ ಇಲ್ಲದೆ ಎಲ್ಲಿ ನೋಡಿದರೂ ಒಂದೇ ಕಪ್ಪು ನೆಲ.

“ಲಗೂ ತೋರಸವಾ. ಇಲ್ಲಾಂದ್ರ ಹೊಸಾ ಸಾಲಿನ್ಯಾಗ ಇಡೂದಾಗತೈತಿ.”

ನಾನು ಚಪ್ಪಲಿ ಬಿಟ್ಟೆ. ಯಾಕೆಂದು ಈಗಲೂ ಗೊತ್ತಿಲ್ಲ.

“ಭಾಳ ಸಾಲಿ ಕಲತೋರಿಗೆ ಕಾಲು ಸುಡಂಗಿಲ್ಲೇನು?” ಎಂದರು ಕಾಕಾ.

ಸುಡುತ್ತಿತ್ತು. ತುದಿಗಾಲಲ್ಲಿ ಅತ್ತಿತ್ತ ನಡೆದೆ. ಒಂದು ಕಡೆ ಎರಡೂ ಪಾದ ಒಮ್ಮೆಲೇ ತಂಪಾದವು, ಅಡಿಗೆಮನೆಯ ಒದ್ದೆ ನೆಲದ ಮೇಲೆ ನಿಂತ ಹಾಗೆ. ಸುತ್ತ ಗಿಡದ ನೆರಳೂ ಇರಲಿಲ್ಲ.

“ಇಲ್ಲೇ ಕಾಕಾ, ತಂಪೈತಿ,” ಎಂದೆ.

ಕಾಕಾ ಬಗ್ಗಿ ಅಂಗೈ ಇಟ್ಟು ಸರಕ್ಕನೆ ತೆಗೆದರು. “ತಂಪೆಲ್ಲೈತಿ? ಹಂಚು ಕಾದಂಗ ಕಾದೈತಲ್ಲವಾ!” ಆದರೂ ಅದರ ಬಾಜು ಅಗೆಯತೊಡಗಿದರು.

ಮೊಣಕಾಲಿನಷ್ಟು ಇಳಿದಾಗ, ನಾನು ನಿಂತಿದ್ದ ಬದಿಯಲ್ಲಿ, ಕಪ್ಪು ಮಣ್ಣಿನ ನಡುವೆ ಕೆಂಪು ಗರಸಿನ ಗೆರೆ ಕಂಡಿತು. ಹಳೆಯ ಬಿರುಕುಗಳು ನುಂಗಿದ್ದ ಗರಸು. ಕಾಕಾ ಟೋಪಿ ತೆಗೆದರು. “ಇಲ್ಲೇ ಅದಾಳವಾ ನಿಮ್ಮಕ್ಕ. ಅಳಬ್ಯಾಡ.” ನಾನು ಅಳುತ್ತಿದ್ದೇನೆಂದು ಆಗಲೇ ನನಗೆ ತಿಳಿದದ್ದು.

ಆ ಸಾಲಿನಲ್ಲಿ ಬೇರೆ ಕೂಸುಗಳೂ ಇದ್ದವು. ಅವುಗಳ ತಾಯಂದಿರೂ ಗರಸು ಹಾಕಿರಬಹುದು. ಬಾಲ್ಯದ ಯಾವುದೋ ಗುರುತು ನನ್ನನ್ನು ನಡೆಸಿರಬಹುದು. ತಂಪನ್ನು ನಾನು ಆಮೇಲೆ ಸೇರಿಸಿಕೊಂಡೆ ಎನ್ನೋಣವೆಂದರೆ, “ತಂಪೈತಿ ಅಂದಿದ್ದಿ” ಎಂದು ಕಾಕಾ ಈಗಲೂ ಛೇಡಿಸುತ್ತಾರೆ.

ಮುಂದಿನ ಈಸ್ಟರ್‌ಗೆ ಗರಸು ಒಯ್ದೆ. ಅವ್ವನ ಬಾಜು ಅದೇ ಜಾಗದಲ್ಲಿ ಬರಿಗಾಲಲ್ಲಿ ಬಹಳ ಹೊತ್ತು ನಿಂತೆ. ಸುಟ್ಟಿತು, ಅಷ್ಟೆ. ಅವ್ವನ ಸಮಾಧಿಗೆ ಹಾಕಿ ಪಕ್ಕಕ್ಕೆ ತಿರುಗುವಾಗ, ಅದು ಅಕ್ಕನದಲ್ಲದಿದ್ದರೆ ಎನಿಸಿತು; ಇನ್ನೊಬ್ಬರದನ್ನು ಮುಟ್ಟಬಾರದೆಂಬ ನಿಯಮ ನೆನಪಾಗಿ ಕೈ ತಡೆಯಿತು. ಕೊನೆಗೆ ಉಳಿದ ಗರಸನ್ನೆಲ್ಲ ಎರಡರ ನಡುವಿನ ಬಿರುಕಿಗೆ ಸುರಿದು ಬಂದೆ.